ಪದ ಬೇಕು: ‘ಸೌಂಡ್ ಡಿಸೈನ್’ (ನಾಳೆ ಬೆಳಿಗ್ಗೆ ಅಚ್ಚಿಗೆ)

ಗೆಳೆಯರೇ,

ಅಡಿಕೆ ಕೊಯ್ಲಿನ ಬಗ್ಗೆ 18 ನಿಮಿಷದ ಒಂದು ವಿಡಿಯೋ ಮಾಡಿದ್ದೇವೆ. ಭಾನುವಾರ ನಮ್ಮೂರಲ್ಲೇ ತೋರಿಸ್ತೇವೆ. ಕರಪತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಂಕಲನ, ಸಂಗೀತ, ನಿರೂಪಣೆ ಎಲ್ಲಕ್ಕೂ ಪದ ಇದೆ. ಸೌಂಡ್ ಡಿಸೈನ್ ಮಾಡಿದ ಹುಡುಗನ ಹೆಸರಿನ ಜೊತೆ ಏನು ಹಾಕಲಿ?

‘ಧ್ವನಿ ವಿನ್ಯಾಸ’ ನನಗೂ ಗೊತ್ತು. ಆದರೆ ಅದರ ಮೇಲಿನ ಸಾಲಲ್ಲೇ ‘ಧ್ವನಿ’ ಅಂತ ನಿರೂಪಣೆ ಓದಿದವರ ಹೆಸರಿದೆ. ಊರವರು ಎರಡೂ ಒಂದೇ ಅಂದುಕೊಳ್ತಾರೆ. ‘ಧ್ವನಿಗ್ರಹಣ’ ಅಂದ್ರೆ ಬರೀ ರೆಕಾರ್ಡಿಂಗ್. ‘ಹಿನ್ನೆಲೆ ಸಂಗೀತ’ ಅಂತೂ ಅಲ್ಲವೇ ಅಲ್ಲ.

ಕೆಲಸ ಎಂಥದ್ದು ಅಂತ ಹೇಳಿಬಿಡ್ತೇನೆ. ಕೊನೆ (ಅಡಿಕೆ ಗೊನೆ) ಕೊಯ್ಯುವ ಕೊನೆಗಾರ ಮರದ ತುದಿಯಲ್ಲಿದ್ದಾಗ ಕ್ಯಾಮೆರಾದ ಮೈಕಿಗೆ ಸಿಕ್ಕಿದ್ದು ಗಾಳಿ ಮತ್ತು ರಸ್ತೆಯ ಬೈಕು. ಇವನು ಅದನ್ನೆಲ್ಲ ತೆಗೆದ. ತೋಟದ ಹಳ್ಳದ ನೀರು, ಹಗ್ಗದ ಮೇಲೆ ಕೊನೆ ಸುಯ್ ಅಂತ ಜಾರಿ ಬರೋದು, ಕೆಳಗೆ ಬಂದು ದಪ್ ಅಂತ ನಿಲ್ಲೋದು, ಒಂದೊಂದನ್ನೂ ಬೇರೆಯಾಗಿ ಹಿಡಿದು ತಂದು ಜೋಡಿಸಿದ. ಸುಲಿಯುವ ದೃಶ್ಯಕ್ಕೆ ಮೊದಲು ಮನೆಯಲ್ಲಿದ್ದ ಒಣ ಅಡಿಕೆ ಸುಲಿಸಿ ಸದ್ದು ಹಿಡಿದಿದ್ದ. ನಮ್ಮಮ್ಮ ಅಡುಗೆಮನೆಯಿಂದಲೇ ಕೇಳಿ, "ಇದು ಹಸಿ ಅಡಿಕೆ ಅಲ್ಲ ಕಣೋ, ಚಾಲಿ ಸುಲಿದ ಹಾಗಿದೆ" ಅಂದಳು. ಅವಳು ಪರದೆ ನೋಡಿಯೇ ಇರಲಿಲ್ಲ! ಹಸಿ ಅಡಿಕೆ ಮೆಟ್ಟುಗತ್ತಿಗೆ ಸಿಕ್ಕರೆ ಸದ್ದೂ ಒದ್ದೆಯಾಗಿರುತ್ತೆ, ಒಣಗಿದ್ದು ಟಕ್ ಅನ್ನುತ್ತೆ. ಮಾರನೇ ದಿನ ಸುಲಿಯುವವರ ಪಕ್ಕ ಕೂತು ಮತ್ತೆ ಹಿಡಿದ. ಯಾವ ಸದ್ದು ಇರಬೇಕು, ಯಾವುದು ಬೇಡ, ಎಲ್ಲಿ ಸುಮ್ಮನಿರಬೇಕು ಅಂತ ತೀರ್ಮಾನ ಮಾಡುವ ಕೆಲಸ ಇದು. ಇವತ್ತು ರಾತ್ರಿಯೊಳಗೆ ಪದ ಸಿಕ್ಕಿದರೆ ಉಪಕಾರ.

— ತೀರ್ಥಹಳ್ಳಿ ಕಡೆಯಿಂದ

‘ಧ್ವನಿ ವಿನ್ಯಾಸ’. ಇದಕ್ಕೆ ಚರ್ಚೆಯೇ ಬೇಡ. ಧ್ವನಿ ಅಂದ್ರೆ ಬರೀ ಗಂಟಲಿನ ದನಿ ಅಂತ ಯಾರು ಹೇಳಿದ್ದು? 9ನೇ ಶತಮಾನದ ಆನಂದವರ್ಧನನ ‘ಧ್ವನ್ಯಾಲೋಕ’ ತೆಗೆದು ನೋಡಿ. ಬಾಯಿಬಿಟ್ಟು ಹೇಳದೆಯೇ ಹೊಳೆಯುವ ಅರ್ಥಕ್ಕೆ ಅಲ್ಲಿ ಧ್ವನಿ ಅನ್ನೋದು. ಹಳ್ಳದ ನೀರು ಕೇಳಿಸಿದರೆ ತೋಟದ ತಂಪು ಹೊಳೆಯುತ್ತಲ್ಲ, ಅದೇ ಇದು. ಗೊಂದಲ ಆಗುವುದಾದರೆ ಮೇಲಿನ ಸಾಲನ್ನು ‘ನಿರೂಪಣೆ’ ಅಂತ ತಿದ್ದಿ.

— ಸಾಗರ

ಧ್ವನಿಯೂ ಸಂಸ್ಕೃತ, ವಿನ್ಯಾಸವೂ ಸಂಸ್ಕೃತ. ಕನ್ನಡ ಎಲ್ಲಿದೆ ಇದರಲ್ಲಿ? ‘ಉಲಿ’ ನಮ್ಮದು, ತಮಿಳಿನ ‘ಒಲಿ’ಯ ಒಡಹುಟ್ಟು. ‘ಉಲಿಕಟ್ಟು’ ಅನ್ನಿ. ಹಾಡು ಕಟ್ಟುತ್ತೇವೆ, ಕತೆ ಕಟ್ಟುತ್ತೇವೆ, ಈ ಹುಡುಗ ಮಾಡಿದ್ದೂ ಕಟ್ಟುವ ಕೆಲಸವೇ. ‘ಸದ್ದು’ ಅನ್ನಲು ಹೋಗಬೇಡಿ, ಅದು ‘ಶಬ್ದ’ದ ತದ್ಭವ. ಅದನ್ನು ಅಚ್ಚಗನ್ನಡ ಅನ್ನುವವರಿಗೆ ಉತ್ತರ ಕೊಟ್ಟು ಸಾಕಾಗಿದೆ.

— ಶಿವಮೊಗ್ಗ

ಉಲಿಕಟ್ಟು ಯಾರಿಗೆ ಅರ್ಥವಾಗುತ್ತೆ? ‘ಸೌಂಡ್ ಡಿಸೈನ್’ ಅಂತಲೇ ಹಾಕಿ. ಇಂಗ್ಲಿಷಿನಲ್ಲೂ ಅದು ಹಳೇ ಪದ ಅಲ್ಲ. 1979ರ ‘ಅಪಾಕಲಿಪ್ಸ್ ನೌ’ ಸಿನಿಮಾಕ್ಕೆ ವಾಲ್ಟರ್ ಮರ್ಚ್ ಸೌಂಡಿನ ಕೆಲಸ ಮಾಡಿದ ಮೇಲೆ ಜಾಸ್ತಿ ಬಳಕೆಗೆ ಬಂತು. ಅಡಿಕೆ ಸುಲಿಸಿ ಸದ್ದು ಹಿಡಿದಿರಲ್ಲ, ಅದಕ್ಕೆ ಸಿನಿಮಾದವರು ‘ಫೋಲಿ’ ಅಂತಾರೆ. ಅದು ಹಾಲಿವುಡ್ಡಿನಲ್ಲಿ ಇಂಥದ್ದೇ ಕೆಲಸ ಮಾಡುತ್ತಿದ್ದ ಜ್ಯಾಕ್ ಫೋಲಿಯ ಹೆಸರು. ಅದನ್ನೂ ಅನುವಾದ ಮಾಡ್ತೀರಾ? ‘ಚಾವಿ’ ಪೋರ್ಚುಗೀಸರದ್ದು, ದಿನಾ ಜೇಬಲ್ಲಿಟ್ಟುಕೊಂಡು ಓಡಾಡ್ತೇವೆ. ಅವರು ಮಲಯಾಳದ ‘ಅಡಯ್ಕ’ವನ್ನು ‘ಅರೆಕ’ ಮಾಡಿಕೊಂಡರು. ಇದರಿಂದ ಯಾರ ಭಾಷೆಯೂ ಕೆಡಲಿಲ್ಲ.

— ಕೊಪ್ಪ

ಚಾವಿ ಬರುವ ಮೊದಲು ‘ಬೀಗದಕೈ’ ಇತ್ತು. ಈಗ ಎಷ್ಟು ಮನೆಯಲ್ಲಿ ಮಕ್ಕಳು ಬೀಗದಕೈ ಅಂತಾರೆ? ಒಂದು ಬಂದರೆ ಒಂದು ಹೋಗುತ್ತೆ. ನಾನು ಹೇಳ್ತಿರೋದು ಅಷ್ಟೇ.

— ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ನಿರೂಪಣೆ ಬರೆದವರು ಬೇರೆ, ಓದಿದವರು ಬೇರೆ. ಹಾಗಾಗಿ ಮೇಲಿನ ‘ಧ್ವನಿ’ ತೆಗೆಯೋಕೆ ಆಗಲ್ಲ. ಉಲಿ ಅಂದ್ರೆ ನನಗೆ ಹಕ್ಕಿ ನೆನಪಾಗುತ್ತೆ. ಅಡಿಕೆ ಸಿಪ್ಪೆ ಉಲಿಯೋದಿಲ್ಲ. ತದ್ಭವ ಅನ್ನೋದು ಒಂದು ಪದವನ್ನು ಬಿಡೋಕೆ ಕಾರಣ ಅಲ್ಲ ಸರ್. 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಂಥ ಪದಗಳಿಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಬೀಗದಕೈ ಮಾತು ಮಾತ್ರ ಮನಸ್ಸಿಗೆ ನಾಟಿತು. ನಮ್ಮಮ್ಮ ಈಗಲೂ ಹಾಗೇ ಅನ್ನೋದು.

ಊಟ ಆದ ಮೇಲೆ ಮನೆಯಲ್ಲಿದ್ದ ಹಳೇ ನಾಟಕದ ಕರಪತ್ರಗಳನ್ನು ತೆಗೆದು ನೋಡಿದೆ. ಬೆಳಕಿನ ವಿನ್ಯಾಸ ಮಾಡಿದವರ ಹೆಸರಿನ ಜೊತೆ ಬರೀ ‘ಬೆಳಕು’ ಅಂತಿದೆ. ನಮ್ಮ ಕಡೆ ನಾಟಕದವರು ಹಾಗೇ ಹಾಕೋದು. ಅದನ್ನು ಓದಿ, ಇವರು ದೀಪ ಹಚ್ಚಿದವರು ಅಂತ ಯಾರೂ ತಪ್ಪು ತಿಳಿದಿಲ್ಲ. ಬೆಳಕಿಗೆ ಬೇಡವಾದ ‘ವಿನ್ಯಾಸ’ ಸದ್ದಿಗೆ ಯಾಕೆ ಬೇಕು?

ಹೀಗೆ ಹಾಕ್ತೇನೆ: ಕ್ಯಾಮೆರಾ, ಸಂಕಲನ, ಸಂಗೀತ, ನಿರೂಪಣೆ, ಧ್ವನಿ, ಸದ್ದು. ಹುಡುಗನಿಗೆ ಫೋನ್ ಮಾಡಿ ಕೇಳಿದೆ, ಒಪ್ಪಿದ. ಬೆಳಿಗ್ಗೆ ಮೊದಲ ಬಸ್ಸಿಗೆ ಪ್ರೆಸ್ಸಿಗೆ ಹೊರಡ್ತೇನೆ. ಫೋಲಿಗೆ ಪದ ಹೊಳೆದರೆ ಬರೀರಿ, ಆಲೆಮನೆಯ ವಿಡಿಯೋಕ್ಕೆ ಬೇಕಾಗುತ್ತೆ.

— ತೀರ್ಥಹಳ್ಳಿ ಕಡೆಯಿಂದ