ಮಾಳಿಗೆ ಮನೆಯಲ್ಲಿ ಅಕ್ಕನ ಸೀಮಂತ: ಫ್ಲ್ಯಾಶ್ ಬೇಕಾ, ಗವಾಕ್ಷಿ ಬೆಳಕೇ ಸಾಕಾ?

ದುರ್ಗದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗದ ಹತ್ತಿರ ಒಂದು ಹಳ್ಳಿ. ಮುಂದಿನ ವಾರ ಅಕ್ಕನ ಸೀಮಂತ. ಫೋಟೋ ತೆಗೆಯುವ ಕೆಲಸ ನನಗೆ ಬಿದ್ದಿದೆ. ಹಳೇ ಮಾಳಿಗೆ ಮನೆ. ನಡುಮನೆಯಲ್ಲಿ ಮೇಲೆ ಒಂದು ಗವಾಕ್ಷಿ, ಪಕ್ಕದಲ್ಲಿ ಸಣ್ಣ ಕಿಟಕಿ, ಗೋಡೆಗೆ ಒಂದು ಟ್ಯೂಬ್‌ಲೈಟ್. ಗೋಡೆಗೆ ಸುಣ್ಣ ಬಳಿದಿದ್ದಾರೆ, ಮಾಡು ಮಾತ್ರ ಮರದ ತೊಲೆ, ಜಂತೆ.

ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್, 50 ಎಂಎಂ ಎಫ್ 1.8 ಲೆನ್ಸ್ ಇವೆ. ಫ್ಲ್ಯಾಶ್ ಅಂದ್ರೆ ಕ್ಯಾಮೆರಾದ ಮೇಲೆ ಎದ್ದು ನಿಲ್ಲುವ ಪುಟಾಣಿ ಅಷ್ಟೇ. ಸೋದರಮಾವ "ಫ್ಲ್ಯಾಶ್ ಇಲ್ಲದಿದ್ರೆ ಮುಖ ಕಪ್ಪಗೆ ಬರ್ತದೆ, ಒಂದು ತಗೊಂಡುಬಿಡು" ಅನ್ನುತ್ತಾರೆ. ನನಗೆ ಗವಾಕ್ಷಿಯಿಂದ ಇಳಿಯುವ ಬೆಳಕು ತುಂಬಾ ಇಷ್ಟ. ಮರುದಿನ ಅಕ್ಕ, ಭಾವನನ್ನು ಕೋಟೆಗೆ ಕರೆದುಕೊಂಡು ಹೋಗಿ ನಾಲ್ಕು ಫೋಟೋ ತೆಗೆಯುವ ಆಸೆಯೂ ಇದೆ. ಏನು ಮಾಡಲಿ?

ದಾವಣಗೆರೆ ಸ್ಟುಡಿಯೋದವನು:

ತಮ್ಮಾ, ಫ್ಲ್ಯಾಶೋ ಗವಾಕ್ಷಿಯೋ ಅನ್ನೋದನ್ನ ಆಮೇಲೆ ನೋಡೋಣ. ಮೊದಲು ಬೆಳಕು ಅಕ್ಕನ ಮುಖಕ್ಕೆ ಯಾವ ಕಡೆಯಿಂದ ಬರುತ್ತದೆ, ಎಷ್ಟು ಅಗಲದಿಂದ ಬರುತ್ತದೆ ನೋಡು. ಮುಖ ಚೆನ್ನಾಗಿ ಕಾಣೋದು ಅದರಿಂದ. ಆ ಪುಟಾಣಿ ಫ್ಲ್ಯಾಶ್ ಬೆರಳಗಲದ್ದು, ಲೆನ್ಸಿನ ನೆತ್ತಿಯ ಮೇಲೇ ಕೂತಿರುತ್ತದೆ. ನೇರ ಹೊಡೆದರೆ ಅರಿಶಿನ ಹಚ್ಚಿದ ಕೆನ್ನೆ ಮಿರಮಿರ ಹೊಳೆಯುತ್ತದೆ, ಸೀರೆ ಜರಿ ಬಿಳಿಚಿಕೊಳ್ಳುತ್ತದೆ, ಹಿಂದಿನ ಗೋಡೆಯಲ್ಲಿ ಕರಿ ನೆರಳು ನಿಲ್ಲುತ್ತದೆ. ಆ ದಿನ ಅದನ್ನು ಮುಟ್ಟಲೇಬೇಡ.

ಗವಾಕ್ಷಿ ಬೆಳಕು ಚೆಂದ, ಒಪ್ಪಿದೆ. ಆದರೆ ಅದು ನೆತ್ತಿಯಿಂದ ಬೀಳುತ್ತದೆ. ಅದರ ಸರಿಯಾಗಿ ಕೆಳಗೆ ಮಣೆ ಹಾಕಿದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಮಣೆಯನ್ನು ಒಂದೆರಡು ಅಡಿ ಹಿಂದಕ್ಕೆ ಸರಿಸಿ, ಮುಖ ಗವಾಕ್ಷಿ ಕಡೆಗೆ ತಿರುಗಿಸು. ಆಗ ಬೆಳಕು ಎದುರಿನಿಂದ ಓರೆಯಾಗಿ ಬರುತ್ತದೆ. ಮುಂದೆ ನೆಲದ ಮೇಲೆ ಒಂದು ಬಿಳಿ ಪಂಚೆ ಹಾಸು, ಫೋಟೋದಲ್ಲಿ ಕಾಣದ ಹಾಗೆ. ಮೇಲಿಂದ ಬಿದ್ದ ಬೆಳಕು ಅದಕ್ಕೆ ತಾಗಿ ಗಲ್ಲದ ಕೆಳಗೂ ಕಣ್ಣಿಗೂ ಹೋಗುತ್ತದೆ. ನೇರ ಬಿಸಿಲಿನ ಚೌಕ ಮೈಮೇಲೆ ಬೀಳುವ ಹೊತ್ತಾದರೆ, ಮಾಳಿಗೆ ಹತ್ತಿ ಗವಾಕ್ಷಿಗೆ ತೆಳು ಬಿಳಿ ಬಟ್ಟೆ ಕಟ್ಟಿಬಿಡು.

ಹಗಲಲ್ಲಿ ಟ್ಯೂಬ್‌ಲೈಟ್ ಆರಿಸು. ಅದರ ಬಣ್ಣ ಬೇರೆ, ಹಗಲಿನ ಬಣ್ಣ ಬೇರೆ. ಎರಡೂ ಸೇರಿದರೆ ಅರ್ಧ ಮುಖ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಆರಿಸಲು ಹಿರಿಯರು ಒಪ್ಪದಿದ್ದರೆ ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/100 ಅಥವಾ 1/50 ಸೆಕೆಂಡಿನಲ್ಲಿ ಇಡು. ನಮ್ಮ ಕರೆಂಟ್ 50 ಹರ್ಟ್ಸ್, ಹಳೇ ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅದಕ್ಕಿಂತ ಜೋರು ಶಟರ್ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಂದು.

ಬಳೆ ತೊಡಿಸುವಾಗ 50 ಎಂಎಂ ಹಾಕು. ಆದರೆ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬೆಳಕು ಜಾಸ್ತಿ, ಫೋಕಸ್ ಆಳ ಕಡಿಮೆ. ಎಫ್ 1.8ರಲ್ಲಿ ಎರಡು ಮೀಟರ್ ದೂರದಿಂದ ತೆಗೆದರೆ ಫೋಕಸ್ ನಿಲ್ಲುವ ಆಳ ಸುಮಾರು 10 ಸೆಂಟಿಮೀಟರ್ ಅಷ್ಟೇ. ಅಕ್ಕನ ಕಣ್ಣು ಸಿಕ್ಕರೆ ಬಳೆ ತೊಡಿಸುವ ಅತ್ತೆ ಮಸುಕಾಗುತ್ತಾರೆ. ಎಫ್ 2.8, ಐಎಸ್‌ಒ 1600, ಹೀಗೆ ಶುರು ಮಾಡು. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಫೋಟೋ ಬೆಳ್ಳಗೆ. ಐಎಸ್‌ಒ ಏರಿಸಲು ಹೆದರಬೇಡ. ಫೋಟೋ ಸ್ವಲ್ಪ ಕಾಳುಕಾಳಾಗಿ ಕಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕೈ ಅಲ್ಲಾಡಿದ ಫೋಟೋವನ್ನು ಯಾರೂ ಆಲ್ಬಮ್‌ಗೆ ಹಾಕುವುದಿಲ್ಲ.

ಗ್ರೂಪ್ ಫೋಟೋ ಒಳಗೆ ಬೇಡವೇ ಬೇಡ. ಫ್ಲ್ಯಾಶ್ ಬೆಳಕು ದೂರ ಎರಡರಷ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿನ ಸಾಲು ಎರಡು ಮೀಟರ್, ಹಿಂದಿನ ಸಾಲು ನಾಲ್ಕು ಮೀಟರ್ ಇದ್ದರೆ ಮಕ್ಕಳು ಬೆಳ್ಳಗೆ, ಅಜ್ಜಂದಿರು ಕತ್ತಲೆ. ಎಲ್ಲರನ್ನೂ ಮನೆ ಮುಂದೆ ನೆರಳಲ್ಲಿ ನಿಲ್ಲಿಸು. ಎಫ್ 5.6 ಇಡು, ಅಷ್ಟೇ.

ಬಂಡೆ ಬೆಳಕು:

ಕೋಟೆ ವಿಷಯ ನಾನು ಹೇಳ್ತೀನಿ, ವಾರವಾರ ಹತ್ತುವವಳು ನಾನು. ಏಳು ತಿಂಗಳ ಬಸುರಿಯನ್ನು ಒನಕೆ ಓಬವ್ವನ ಕಿಂಡಿ ಕಡೆಗೆಲ್ಲ ನಡೆಸಬೇಡಪ್ಪ. ಮೊದಲ ಬಾಗಿಲುಗಳ ಹತ್ತಿರವೇ ಬೇಕಾದಷ್ಟು ಬೆಳಕಿದೆ. ಬಾಗಿಲಿನ ಚಾವಣಿಯ ಕೆಳಗೆ, ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ಅಕ್ಕನನ್ನು ನಿಲ್ಲಿಸು. ಮುಖ ಹೊರಗಿನ ಬಿಸಿಲಿನ ಕಡೆಗಿರಲಿ, ಬಿಸಿಲು ಮಾತ್ರ ಮೈಮೇಲೆ ಬೀಳಬಾರದು. ಎದುರಿನ ಗೋಡೆ, ಬಂಡೆ, ನೆಲ ಎಲ್ಲಾ ಬಿಸಿಲನ್ನು ಚದುರಿಸಿ ಮೆತ್ತಗೆ ವಾಪಸ್ ಕೊಡುತ್ತವೆ. ಹಿಂದೆ ತಾನಾಗಿಯೇ ಕತ್ತಲಾಗುತ್ತದೆ. ಅಂಥ ಬೆಳಕನ್ನು ಯಾವ ಫ್ಲ್ಯಾಶೂ ಕೊಡುವುದಿಲ್ಲ ಅಂತ ನನ್ನ ನಂಬಿಕೆ.

ಮಧ್ಯಾಹ್ನ ಹೋಗಬೇಡಿ. ಬಂಡೆ ಕಾದು ಅಕ್ಕ ಸುಸ್ತಾಗುತ್ತಾರೆ, ಅದೇ ಮೊದಲ ಕಾರಣ.

ದಾವಣಗೆರೆ ಸ್ಟುಡಿಯೋದವನು:

ಬಾಗಿಲಿನ ಮಾತು ನೂರಕ್ಕೆ ನೂರು ಸರಿ ಮೇಡಂ. ಒಂದೇ ಸೇರಿಸುತ್ತೇನೆ. ಕೋಟೆ ಗೋಡೆ, ಆಕಾಶ, ಅಕ್ಕ ಭಾವ ಮೂರೂ ಒಂದೇ ಚೌಕಟ್ಟಿಗೆ ಬೇಕು ಅಂದರೆ, ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿದಾಗ ಮುಖ ಕಪ್ಪಾಗುತ್ತದೆ. ಅಲ್ಲಿ ಫ್ಲ್ಯಾಶ್ ನಿಜಕ್ಕೂ ಬೇಕು. ಎಷ್ಟೋ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ ಶಟರ್ 1/200ರ ಆಸುಪಾಸು ದಾಟುವುದಿಲ್ಲ. ಐಎಸ್‌ಒ 100, ಎಫ್ 11 ಇಟ್ಟರೆ ಆಕಾಶ ಉಳಿಯುತ್ತದೆ, ಹತ್ತಿರದಿಂದ ತೆಗೆದರೆ ಮುಖಕ್ಕೆ ಫ್ಲ್ಯಾಶ್ ತುಂಬುತ್ತದೆ.

ದುರ್ಗದ ಹುಡುಗ:

ಅಣ್ಣ, ಅಕ್ಕ, ತುಂಬಾ ಉಪಕಾರ ಆಯ್ತು. ಒಂದೇ ಒಂದು ಉಳಿಯಿತು. ಆರತಿ ದೀಪ ಹಚ್ಚಿದ ಮೇಲೆ, ಅಂದ್ರೆ ಕತ್ತಲಾದ ಮೇಲೆ. ಆಗ ಗವಾಕ್ಷಿ ಇರುವುದಿಲ್ಲ ಅಲ್ವಾ?

ದಾವಣಗೆರೆ ಸ್ಟುಡಿಯೋದವನು:

ಅದಕ್ಕೇ ಫ್ಲ್ಯಾಶ್ ಬೇಕು. ಕೊಳ್ಳಬೇಡ, ತಲೆ ತಿರುಗಿಸಬಹುದಾದ ಒಂದನ್ನು ದಿನದ ಬಾಡಿಗೆಗೆ ತಗೋ. ತಲೆಯನ್ನು ಮೇಲಕ್ಕೆ ಮಾತ್ರ ಎತ್ತಬೇಡ, ನಿಮ್ಮ ತೊಲೆ ಜಂತೆ ಬೆಳಕನ್ನೆಲ್ಲ ನುಂಗಿ ಕಂದು ಬಣ್ಣ ಉಗುಳುತ್ತವೆ. ಪಕ್ಕದ ಸುಣ್ಣದ ಗೋಡೆಗೆ ತಿರುಗಿಸು. ಗೋಡೆಯೇ ಕಿಟಕಿಯಷ್ಟು ಅಗಲದ ಬೆಳಕಾಗುತ್ತದೆ.

ಫ್ಲ್ಯಾಶ್ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಅಂದರೆ ಹಗಲಿನ ಹಾಗೆ ಬಿಳಿ. ದೀಪ ಅದಕ್ಕಿಂತ ತುಂಬಾ ಹಳದಿ. ಫ್ಲ್ಯಾಶ್ ಮುಂದೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ (ಜೆಲ್) ಅಂಟಿಸು. ಬಾಡಿಗೆ ಕೊಡುವವರನ್ನೇ ಕೇಳು, ಇದ್ದರೆ ಕೊಡುತ್ತಾರೆ. ಫ್ಲ್ಯಾಶ್ ಶಕ್ತಿ ಎರಡು ಸ್ಟಾಪ್, ಅಂದರೆ ಕಾಲು ಭಾಗಕ್ಕೆ, ಇಳಿಸು. ಶಟರ್ 1/50, ಎಫ್ 2.8, ಐಎಸ್‌ಒ 1600. ಆರತಿ ತಟ್ಟೆ ಅಕ್ಕನ ಮುಖದ ಹತ್ತಿರ ಬರುವವರೆಗೆ ಕಾಯಿ. ದೀಪದ ಬೆಳಕು ಕೆನ್ನೆಗೆ ತಾಗಿದಾಗ ಒತ್ತು. ಒಂದೆರಡನ್ನು ಫ್ಲ್ಯಾಶ್ ಪೂರ್ತಿ ಆರಿಸಿ, ಐಎಸ್‌ಒ 3200ರಲ್ಲಿ ತೆಗೆ. ಹಿಂದಿನ ದಿನ ಸಂಜೆಯೇ ಅಮ್ಮನ ಕೈಗೆ ದೀಪ ಕೊಟ್ಟು, ನಿನ್ನ ಭಾವನನ್ನು ಮಣೆ ಮೇಲೆ ಕೂರಿಸಿ ಇದನ್ನೆಲ್ಲ ಒಮ್ಮೆ ನೋಡಿಕೋ.