‘ತಕರಾರು’ ಅಂದರೆ ಜಗಳವಾ? ಮತ್ತೆ ‘ತಗಾದೆ’?

ಹೋದ ವಾರ ಖಾತೆ ಬದಲಾವಣೆ ಕೆಲಸಕ್ಕೆ ಮಂಡ್ಯದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಗೋಡೆಗೆ ಅಂಟಿಸಿದ್ದ ನೋಟಿಸಿನಲ್ಲಿ ‘ತಕರಾರು ಇದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು’ ಅಂತಿತ್ತು. ಪಕ್ಕದ ಗದ್ದೆಯ ದೊಡ್ಡಪ್ಪ ಅದನ್ನ ನನ್ನ ಕೈಲಿ ಎರಡು ಸಲ ಓದಿಸಿಕೊಂಡು, “ನಂದೇನೂ ತಕರಾರಿಲ್ಲ ಕಣಪ್ಪ, ಆದ್ರೆ ಆ ಬದು ಮಾತ್ರ ನಮ್ದು” ಅಂದರು. ನಾನು ಚಿಕ್ಕವನಿದ್ದಾಗಿನಿಂದ ಅದೇ ಬದು, ಅದೇ ಮಾತು.

ಮನೆಗೆ ಬಂದು ಪದದ ಬೇರು ಹುಡುಕಿದರೆ ನಗು ಬಂತು. ಅರಬ್ಬಿಯಲ್ಲಿ ‘ತಕ್ರಾರ್’ ಅಂದರೆ ಮತ್ತೆ ಮತ್ತೆ ಮಾಡುವುದು, ಹೇಳಿದ್ದನ್ನೇ ಹೇಳುವುದು ಅಂತ! ಪಾರಸಿಯಲ್ಲಿ ಇವತ್ತಿಗೂ ಅದೇ ಅರ್ಥ. ಹಿಂದಿ, ಉರ್ದುವಿಗೆ ಬರುವಷ್ಟರಲ್ಲಿ ಮಾತಿನ ಜಗಳವಾಯಿತು, ಮರಾಠಿಯಲ್ಲಿ ದೂರು ಆಯಿತು, ನಮ್ಮಲ್ಲಿ ಆಕ್ಷೇಪಣೆ. ಅರ್ಜಿ, ಜಮೀನು, ಜಪ್ತಿ, ವಸೂಲಿಗಳ ಜೊತೆ ಇದೂ ಕಚೇರಿ ಕಾಗದದ ದಾರಿಯಲ್ಲೇ ಬಂದಿರಬೇಕು. ಒಂದು ಗಮನಿಸಿ, ಜಗಳ ಆಡುವುದಕ್ಕೆ ಇಬ್ಬರು ಬೇಕು. ತಕರಾರು ಎತ್ತುವುದಕ್ಕೆ ಒಬ್ಬ ಸಾಕು. ಅದಕ್ಕೇ ‘ತಕರಾರು ಆಡಿದರು’ ಅಂತ ಯಾರೂ ಅನ್ನುವುದಿಲ್ಲ.

‘ತಗಾದೆ’ ಕಥೆಯೂ ಹೀಗೇ. ಉರ್ದುವಿನ ‘ತಕಾಜಾ’ದ ಒಡಹುಟ್ಟು ಅದು. ಕೊಟ್ಟ ಸಾಲ ವಾಪಸ್ ಕೊಡು ಅಂತ ಬಾಗಿಲಲ್ಲಿ ಕೂತು ಒತ್ತಾಯಿಸುವುದು ಅದರ ಹಳೇ ಅರ್ಥ. ಈಗ ಸುಮ್ನೆ ಅಡ್ಡಿ ಮಾಡುವುದಕ್ಕೂ ತಗಾದೆ ಅಂತಲೇ ಬರೆಯುತ್ತಾರೆ. ಕಾವೇರಿ ಸುದ್ದಿಯಲ್ಲಿ ‘ತಮಿಳುನಾಡು ತಗಾದೆ’ ಅಂತ ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ. ನೀರು ಬಿಡಿ ಅಂತ ಕೇಳುವುದು ಹಳೇ ಅರ್ಥದಲ್ಲೂ ತಗಾದೆಯೇ ಬಿಡಿ. 1924ರ ಒಪ್ಪಂದದಿಂದ 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಎರಡೂ ಕಡೆಯವರು ಹೇಳಿದ್ದನ್ನೇ ಹೇಳಿದ್ದು ನೋಡಿದರೆ ಅರಬ್ಬಿಯ ತಕ್ರಾರೂ ಸರಿಯಾಗಿ ಕೂರುತ್ತದೆ. ‘ಕ್ಯಾತೆ’ ಮಾತ್ರ ಬೇರೆ. ಅದು ಕಾಲು ಕೆರೆದುಕೊಂಡು ಬರುವುದು, ಅದರಲ್ಲಿ ನ್ಯಾಯದ ವಾಸನೆ ಇರುವುದಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮ ಕಡೆ ಪಂಪ್‌ಸೆಟ್ಟೂ ತಕರಾರು ಮಾಡುತ್ತದೆ. ಸ್ವಿಚ್ ಒತ್ತಿದರೆ ಗೊರ್ ಅಂದು ನಿಲ್ಲುತ್ತದೆ, ಇನ್ನೊಂದು ಸಲ ಒತ್ತಿದರೆ ಮತ್ತೆ ಗೊರ್. ಪೂರ್ತಿ ಸುಟ್ಟುಹೋದ ಮೋಟರಿಗೆ ಹೀಗನ್ನುವುದಿಲ್ಲ, ಪದೇ ಪದೇ ಕಾಟ ಕೊಡುವುದಕ್ಕೆ ಮಾತ್ರ. ಇಲ್ಲಿ ಆ ಮೂಲದ ‘ಮತ್ತೆ ಮತ್ತೆ’ ಉಳಿದುಕೊಂಡಿದೆ ಅನ್ನಿಸುತ್ತೆ ನನಗೆ, ಅಲ್ವಾ? ಧಾರವಾಡ, ಮಂಗಳೂರು ಕಡೆಯವರು ಯಂತ್ರಕ್ಕೆ ಈ ಪದ ಬಳಸುತ್ತೀರಾ, ಇಲ್ಲ ಬೇರೆ ಏನಾದರೂ ಅನ್ನುತ್ತೀರಾ?