ಡಿಸ್ಕ್ ಹೊರಗೆ ಬಂದಿದೆ, ಕೈರೋಪ್ರಾಕ್ಟರ್ ಹತ್ತಿರ ಹೋಗಬಹುದಾ?

ತುಮಕೂರು_ರೈಡರ್:
ನನಗೆ 39 ವರ್ಷ. ದಿನಾ ಬೈಕಿನಲ್ಲಿ ದಾಬಸ್‌ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಮೂರು ವಾರದ ಹಿಂದೆ ಗ್ಯಾಸ್ ಸಿಲಿಂಡರ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ನೋವು ಎಡಗಡೆ ತೊಡೆಯ ಹಿಂದೆ ಇಳಿದು ಮೀನಖಂಡ ದಾಟಿ ಪಾದದವರೆಗೆ ಬರುತ್ತದೆ, ಸೀನಿದರೆ ಕರೆಂಟ್ ಹೊಡೆದ ಹಾಗೆ. ಎಂಆರ್‌ಐನಲ್ಲಿ ಎಲ್5-ಎಸ್1 ಡಿಸ್ಕ್ (ಸೊಂಟದ ಕೆಳತುದಿಯಲ್ಲಿ ಮೂಳೆಗಳ ನಡುವಿನ ಮೆತ್ತೆ) ನರ ಒತ್ತುತ್ತಿದೆ ಅಂತ ಬಂದಿದೆ. ಮೂಳೆ ಡಾಕ್ಟರ್ ಮಾತ್ರೆ ಕೊಟ್ಟು ಆರು ವಾರ ನೋಡೋಣ ಎಂದರು. ಅಷ್ಟರಲ್ಲಿ ಗೆಳೆಯ ಒಬ್ಬ ಕೈರೋಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಚಿ ಚಿಕಿತ್ಸೆ ಕೊಡುವವರು) ವಿಡಿಯೋ ಕಳಿಸಿದ. ಲಟಲಟ ಸದ್ದು, ಆಮೇಲೆ ಜನ ಎದ್ದು ನಗುತ್ತಾ ನಡೆಯುತ್ತಾರೆ. ಫೋನ್ ಮಾಡಿದೆ. 12 ಸಿಟ್ಟಿಂಗ್ ಪ್ಯಾಕೇಜ್, ಡಿಸ್ಕ್ ವಾಪಸ್ ಕೂರುತ್ತದೆ, ಮೊದಲೇ ದುಡ್ಡು ಕಟ್ಟಿ ಎಂದರು. ರಾತ್ರಿ ನಿದ್ದೆ ಇಲ್ಲ. ಹೋಗಲಾ?

ಫಿಸಿಯೋ_ಮೈಸೂರು:
ಸರ್, ದುಡ್ಡು ಕಟ್ಟಬೇಡಿ. ಮೊದಲು ಗೋಡೆ ಹಿಡಿದು ಎಡಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಎಷ್ಟು ಸಲ ಆಗುತ್ತದೆ ನೋಡಿ. ಬಲಗಾಲಿನಲ್ಲೂ ಮಾಡಿ. ಎಲ್5-ಎಸ್1ನಲ್ಲಿ ನರ ಒತ್ತಿದರೆ ಸಾಮಾನ್ಯವಾಗಿ ಹೀಗೆ ಹಿಮ್ಮಡಿ ಎತ್ತುವ ಶಕ್ತಿಯೇ ಕಡಿಮೆ ಆಗೋದು.

ಆ ಸದ್ದು ಬೆರಳಿನ ಲಟಿಕೆ ಮುರಿದಾಗ ಬರುವಂಥದ್ದೇ, ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯಾಗಿ ಬರುತ್ತದೆ. ಡಿಸ್ಕ್ ಕೂತ ಸದ್ದಲ್ಲ. ಡಿಸ್ಕ್ ಅಂದರೆ ಗಟ್ಟಿ ನಾರಿನ ಉಂಗುರ, ಒಳಗೆ ಮೆತ್ತನೆ ತಿರುಳು. ತಿರುಳು ಬಿರುಕಿನಿಂದ ಹೊರಗೆ ಬಂದ ಮೇಲೆ ಬೆನ್ನು ಒತ್ತಿ ಅದನ್ನು ಒಳಗೆ ತಳ್ಳೋಕೆ ಆಗಲ್ಲ. ಆದರೆ ಎಷ್ಟೋ ಸಲ ದೇಹವೇ ಅದನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ನೋವು ತುಂಬಾ ಇಳಿಯುತ್ತದೆ. ನಿಮ್ಮ ಡಾಕ್ಟರ್ ಸರಿಯಾಗೇ ಹೇಳಿದ್ದಾರೆ. ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗಿ ನೋಡಿ. ಹಗಲು ಮಲಗೇ ಇರಬೇಡಿ, ಸ್ವಲ್ಪ ಸ್ವಲ್ಪ ನಡೆಯಿರಿ.

ಆಸ್ಟಿನ್_ಕನ್ನಡಿಗ:
ಕೈರೋಪ್ರಾಕ್ಟಿಕ್ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಇದು ಶುರುವಾಗಿದ್ದೇ ಅಮೆರಿಕದಲ್ಲಿ, 1895ರಲ್ಲಿ, ಅಯೋವಾದ ಡ್ಯಾವೆನ್‌ಪೋರ್ಟ್‌ನಲ್ಲಿ. ಇಲ್ಲಿ ಲೈಸೆನ್ಸ್ ಬೇಕು. ಇಲ್ಲಿನ ಡಾಕ್ಟರುಗಳ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲೂ ಮಾಮೂಲಿ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಬಿಸಿ ಶಾಖ, ಮಸಾಜ್ ಜೊತೆ ಇದನ್ನೂ ಸೇರಿಸಿದ್ದಾರೆ. ನನಗೆ ಬರೀ ಸೊಂಟ ಬಿಗಿದಿದ್ದಾಗ ನಿಜಕ್ಕೂ ಹಗುರ ಆಯಿತು. ಮುಂದಿನ ವರ್ಷ ನೋವು ಕಾಲಿಗೆ ಇಳಿದು ಹೆಬ್ಬೆರಳು ಎತ್ತೋಕೆ ಆಗದಿದ್ದಾಗ ಅದೇ ಕೈರೋಪ್ರಾಕ್ಟರ್ ನನ್ನನ್ನು ಮುಟ್ಟಲೇ ಇಲ್ಲ, ಸೀದಾ ಡಾಕ್ಟರ್ ಹತ್ತಿರ ಕಳಿಸಿದರು. ಎಂಆರ್‌ಐ ನೋಡದೆ, ಕಾಲಿನ ಶಕ್ತಿ ಪರೀಕ್ಷೆ ಮಾಡದೆ ಫೋನಿನಲ್ಲೇ ಪ್ಯಾಕೇಜ್ ಹೇಳುವವರ ಕೈಗೆ ಬೆನ್ನು ಕೊಡಬೇಡಿ.

ಹಾಸನದ_ಅಕ್ಕ:
ತಮ್ಮಾ, ನಮ್ಮ ಯಜಮಾನರು ಹೀಗೇ ಒಂದು ಕಡೆ ಮೂರು ಸಲ ತಿರುಚಿಸಿಕೊಂಡು ಬಂದರು. ಆಮೇಲೆ ಒಂದು ದಿನ ಬೆಳಗ್ಗೆ ಪಾದ ಎತ್ತೋಕೆ ಆಗಲಿಲ್ಲ, ಚಪ್ಪಲಿ ತಾನಾಗೇ ಕಳಚುತ್ತಿತ್ತು. ತಿರುಚಿದ್ದರಿಂದಲೇ ಆಯಿತು ಅಂತ ಡಾಕ್ಟರ್ ಹೇಳಲಿಲ್ಲ. ಆದರೆ ಮೊದಲೇ ಪಾದದಲ್ಲಿ ಶಕ್ತಿ ಕಮ್ಮಿ ಇತ್ತು, ಅಲ್ಲಿ ಯಾರೂ ನೋಡಿರಲಿಲ್ಲ. ಕೊನೆಗೆ ಆಪರೇಷನ್ ಆಯಿತು. ಮೂತ್ರ ಕಟ್ಟಿದರೆ, ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡ. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗು.

ತುಮಕೂರು_ರೈಡರ್:
ಈಗ ತಾನೇ ಮಾಡಿ ನೋಡಿದೆ. ಬಲಗಾಲಿನಲ್ಲಿ 15 ಸಲ ಸಲೀಸಾಗಿ ಆಯಿತು. ಎಡಗಾಲಿನಲ್ಲಿ ನಾಲ್ಕಕ್ಕೇ ಸೋತಿತು. ಮೂತ್ರಕ್ಕೆ ಏನೂ ತೊಂದರೆ ಇಲ್ಲ ಅಕ್ಕಾ. ಬೆಳಗ್ಗೆ ಮೊದಲು ಡಾಕ್ಟರಿಗೆ ಇದನ್ನು ತೋರಿಸುತ್ತೇನೆ.